ಚಿರಾಯುವಿನ ಪಹಣಿ

ಮುಪ್ಪನ್ನು ವಿಧಿಯೆಂದು ಒಪ್ಪದೆ ಜೀವಕೋಶಗಳ ದೋಷವೆಂದು ಎಣಿಸುವ ಉದ್ಯಮವು, 2013ರಲ್ಲಿ ಗೂಗಲ್ ಸ್ಥಾಪಿಸಿದ ಕ್ಯಾಲಿಕೋ, 2022ರಲ್ಲಿ 300 ಕೋಟಿ ಡಾಲರ್ ಬಂಡವಾಳದೊಡನೆ ಬೆಳಕಿಗೆ ಬಂದ ಆಲ್ಟೋಸ್ ಲ್ಯಾಬ್ಸ್‌ಗಳನ್ನು ದಾಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಲಾಂಜೆವಿಟಿ ಇಂಡಿಯಾ' ಯೋಜನೆಯವರೆಗೆ ಬಂದಿರುವಾಗ, ಬಾಳ್ಳುಪೇಟೆಯ ಕಾಫಿ ಕಣವನ್ನು ತಲುಪದೆ ಇರುವುದು ಹೇಗೆ? ಅಂಥ ಒಂದು ಕಂಪನಿಯ ನೌಕರನಾದ ಮೊಮ್ಮಗನೂ ಎಂಬತ್ತು ದಾಟಿದ ಬೆಳೆಗಾರನೂ ನಡೆಸಿದ, ಕಲ್ಪಿತವಾದರೂ ಅಸಂಭವವಲ್ಲದ ಸಂವಾದ ಹೀಗಿದೆ.

ಮೊಮ್ಮಗ: ತಾತ, ವಿಭಜನೆ ನಿಲ್ಲಿಸಿಯೂ ಸಾಯದೆ ಉಳಿದು, ಉರಿಯೂತದ ರಾಸಾಯನಿಕಗಳನ್ನು ಸುರಿಸಿ ನೆರೆಯ ಕೋಶಗಳನ್ನೂ ಕೆಡಿಸುವ ಮುದಿಕೋಶಗಳನ್ನು ತೆಗೆದಾಗ ಇಲಿಗಳ ಆರೋಗ್ಯ ಸುಧಾರಿಸಿದೆ.

ತಾತ: ದುಡಿಯದೆ, ಜಾಗವನ್ನೂ ಬಿಡದೆ, ಅಕ್ಕಪಕ್ಕದವರನ್ನು ಕೆಡಿಸುವವರು ಸೊಸೈಟಿಗಳ ಆಡಳಿತ ಮಂಡಳಿಯಲ್ಲೂ ಇರುತ್ತಾರಲ್ಲ ಮಗ, ಅವರಿಗೂ ಔಷಧವಿದೆಯೇ?

ಮೊಮ್ಮಗ: ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ನಾಲ್ಕೇ ಜೀನ್‌ಗಳಿಂದ ಇಲಿಯ ಬಲಿತ ಕೋಶವನ್ನು ಭ್ರೂಣದ ಕೋಶದಂತಾಗಿಸಿದರು.

ತಾತ: ಮುದಿ ಕಾಫಿ ಗಿಡವನ್ನು ಬುಡದ ಮೇಲೆ ಕತ್ತರಿಸಿ ಚಿಗುರು ಬರಿಸುವುದು ಇಲ್ಲಿ ಹಳೆಯ ಕೆಲಸ, ಚಿಗುರು ಹತೋಟಿ ಮೀರಿದರೆ?

ಮೊಮ್ಮಗ: ಅದೇ ಕ್ಯಾನ್ಸರ್, ಆ ಅಪಾಯ ಇನ್ನೂ ಬಗೆಹರಿದಿಲ್ಲ.

ತಾತ: ಅದು ಬಗೆಹರಿದ ಮೇಲೆ, ಬೆಳಗಿನ ಜಾವ ತೋಟದ ದಾರಿಯಲ್ಲಿ ನಿಲ್ಲುವ ಆನೆಗೆ ಮನುಷ್ಯರ ಆಯಸ್ಸು ಹೆಚ್ಚಿದ ವಿಚಾರವನ್ನು ತಿಳಿಸುವವರು ಯಾರು?

(ಕಂಪನಿಯ ಕರಪತ್ರವು ಈ ವಿಷಯದಲ್ಲಿ ಮೌನವಾಗಿದೆ.)

ಮೊಮ್ಮಗ: ಎಲ್ಲ ಸರಿಹೋದರೆ ನೀವು ನೂರೈವತ್ತು ವರ್ಷ ಇರಬಹುದು, ತಾತ.

ತಾತ: ಹಾಗಾದರೆ ಪಹಣಿ ಈಗಿರುವ ಹೆಸರಿನಲ್ಲೇ ಇರಲಿ, ಈ ಶುಭ ಸಮಾಚಾರವನ್ನು ನಿಮ್ಮಪ್ಪನಿಗೆ ನೀನೇ ಹೇಳು.