ಎಣ್ಣೆ ಹಚ್ಚುವ ಕೈ

ನಿಮ್ಮ ಸೊಸೆ ಹೇಳಿದ್ದರಲ್ಲಿ ತಪ್ಪೇನಿಲ್ಲ ಅಕ್ಕ, ನೀವು ಬೇಜಾರು ಮಾಡಿಕೊಳ್ಳಬೇಡಿ. ಮಗುವಿನ ಮೂಗಿಗೂ ಕಿವಿಗೂ ಎಣ್ಣೆ ಬಿಡಬೇಡಿ ಅಂತ ಡಾಕ್ಟರು ಅಂದಿದ್ದರೆ ಅದು ಸರಿಯಾದ ಮಾತೇ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತೆ, ಅದು ಬೇಗ ವಾಸಿಯಾಗೋದೂ ಇಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಎರಡು ತೊಟ್ಟು ಹರಳೆಣ್ಣೆ ಬಿಡೋರು, ನಿಜ. ಅದನ್ನ ಬಿಟ್ಟುಬಿಡೋಣ. ಸಾಂಬ್ರಾಣಿ ಹೊಗೆಯೂ ಆ ಪುಟ್ಟ ಎದೆಗೆ ಬೇಡ. ಆದರೆ ಮೈಗೆ ಎಣ್ಣೆ ಹಚ್ಚಬೇಡಿ ಅಂತ ಅವರು ಹೇಳಿಲ್ಲವಲ್ಲ? ಅಷ್ಟು ಸಾಕು, ಉಳಿದದ್ದೆಲ್ಲ ನಡೆಯಲಿ.

ನಿಮ್ಮನೆಗೆ ಎರೆಯೋಕೆ ಬರ್ತಾರಲ್ಲ ಆ ಅಜ್ಜಿ, ಅವರ ಕೆಲಸವನ್ನ ಮೊನ್ನೆ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದೆ. ಮಣೆ ಮೇಲೆ ಕೂತು ಎರಡೂ ಕಾಲು ನೀಡಿ, ಮಗುವಿನ ತಲೆ ಪಾದದ ಕಡೆ ಬರುವ ಹಾಗೆ ಮಲಗಿಸಿಕೊಂಡರು. ಎಣ್ಣೆಯನ್ನ ನೇರವಾಗಿ ಮಗುವಿನ ಮೇಲೆ ಸುರಿಯಲಿಲ್ಲ. ಅಂಗೈಗೆ ಹಾಕಿಕೊಂಡು ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಮೊದಲು ಎದೆ ಮೇಲೆ ಇಟ್ಟರು, ಇಟ್ಟು ಸ್ವಲ್ಪ ಹೊತ್ತು ಹಾಗೇ ಬಿಟ್ಟರು. ಅಳುತ್ತಿದ್ದ ಮಗು ಅಳು ನಿಲ್ಲಿಸಿ ಮುಖ ನೋಡಿತು. ಆಮೇಲೇ ಕೈ ಓಡಿದ್ದು: ಎದೆಯಿಂದ ಭುಜಕ್ಕೆ, ತೊಡೆಯಿಂದ ಪಾದಕ್ಕೆ, ಬೆರಳು ಬೆರಳಿಗೆ. ನೀರು ಹೊಯ್ಯುವಾಗ ಹಣೆಗೆ ಅಡ್ಡವಾಗಿ ಅಂಗೈ ಹಿಡಿದರು, ಒಂದು ಹನಿ ಕಣ್ಣಿಗೆ ಬೀಳಲಿಲ್ಲ. ಹಳೇ ಪಂಚೆಯಲ್ಲಿ ಸುತ್ತಿ ಕೊಡುವ ಹೊತ್ತಿಗೆ ಮಗುವಿಗೆ ನಿದ್ದೆ. ಇಂಥ ಕೈ ಸಿಕ್ಕಿರೋದು ನಿಮ್ಮ ಪುಣ್ಯ ಅಕ್ಕ. ಒಂದು ಮಾತು ಮಾತ್ರ ಹೇಳಿಬಿಡಿ: ಕೈಕಾಲು ಜಗ್ಗಿ ಮಡಿಸೋದು, ಮೂಗು ನೀವಿ ನೇರ ಮಾಡೋದು, ಇವೆರಡೂ ಬೇಡ.

ಫ್ರೆಡರಿಕ್ ಲೆಬೊಯೆ ಅಂತ ಫ್ರಾನ್ಸಿನ ಒಬ್ಬ ಹೆರಿಗೆ ಡಾಕ್ಟರು ಕಲ್ಕತ್ತೆಗೆ ಬಂದಿದ್ದಾಗ ಒಬ್ಬ ತಾಯಿ ಹೀಗೇ ಕಾಲ ಮೇಲೆ ಮಗು ಹಾಕಿಕೊಂಡು ಎಣ್ಣೆ ಹಚ್ಚೋದನ್ನ ನೋಡಿ ಬೆರಗಾದರಂತೆ. ಆ ತಾಯಿಯ ಹೆಸರು ಶಾಂತಲಾ. 1976ರಲ್ಲಿ ಅದೇ ಹೆಸರಿಟ್ಟು ಪುಸ್ತಕ ತಂದರು. ಯುರೋಪಿನ ಎಷ್ಟೋ ತಾಯಂದಿರು ಅದನ್ನ ನೋಡಿಕೊಂಡು ಮಗುವಿಗೆ ಎಣ್ಣೆ ಹಚ್ಚೋದು ಕಲಿತರು. ಇನ್ನು ಅಮೆರಿಕದಲ್ಲಿ ಟಿಫನಿ ಫೀಲ್ಡ್ ಅನ್ನೋರು ದಿನ ತುಂಬದೆ ಹುಟ್ಟಿದ ಮಕ್ಕಳನ್ನ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿರುವಾಗಲೇ, ಅದರ ಕಿಂಡಿಯಿಂದ ಕೈ ಹಾಕಿ ಮೈ ನೀವಿಸಿದರು. ದಿನಕ್ಕೆ 3 ಸಲ, ಒಂದೊಂದು ಸಲ 15 ನಿಮಿಷ, 10 ದಿನ. ಕುಡಿದ ಹಾಲು ಅಷ್ಟೇ, ಆದರೆ ನೀವಿಸಿಕೊಂಡ ಮಕ್ಕಳ ತೂಕ ಶೇಕಡಾ 47ರಷ್ಟು ಹೆಚ್ಚು ಏರಿತು, ಮನೆಗೂ ಬೇಗ ಹೋದವು. ಅದು 1986ರಲ್ಲಿ ಅಚ್ಚಾದದ್ದು. ಅಲ್ಲಿಯವರೆಗೆ ಇಂಥ ಮಕ್ಕಳನ್ನ ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೇದು ಅನ್ನೋ ಎಣಿಕೆಯೇ ಆಸ್ಪತ್ರೆಗಳಲ್ಲಿ ಹೆಚ್ಚಾಗಿತ್ತು.

ಹೀಗೇಕೆ ಆಗುತ್ತೆ ಅನ್ನೋದಕ್ಕೂ ಒಂದಿಷ್ಟು ಉತ್ತರ ಸಿಕ್ಕಿದೆ. ನಮ್ಮ ಚರ್ಮದಲ್ಲಿ ಕೆಲವು ನರಗಳು ಬರೀ ಮೆಲ್ಲನೆ ಸವರಿದ್ದಕ್ಕೆ ಓಗೊಡುವಂಥವು. ಸ್ವೀಡನ್ನಿನವರು ಅಳೆದು ನೋಡಿದ್ದಾರೆ: ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ವೇಗದಲ್ಲಿ, ಮೈಯಷ್ಟೇ ಬೆಚ್ಚಗಿರುವ ಕೈ ಹೋದರೆ ಅವು ಚೆನ್ನಾಗಿ ಎಚ್ಚೆತ್ತುಕೊಳ್ಳುತ್ತವೆ. ಬಿರಬಿರನೆ ತಿಕ್ಕಿದರೆ ಇಲ್ಲ. ಆ ಅಜ್ಜಿ ಎಣ್ಣೆಯನ್ನ ಅಂಗೈಯಲ್ಲಿ ಕಾಯಿಸಿಕೊಂಡದ್ದೂ ನಿಧಾನವಾಗಿ ಕೈ ಎಳೆದದ್ದೂ ಸುಮ್ಮನೆ ಅಲ್ಲ ಅಕ್ಕ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ಎಷ್ಟು ಹಿಗ್ಗಾಯಿತು ಗೊತ್ತಾ? ಅಕ್ಷರ ಕಲಿಯದ ಕೈಗಳ ವಿದ್ಯೆಗೆ ಸಂದ ಮರ್ಯಾದೆ ಅದು.

ಸೊಸೆಗೂ ಬೆನ್ನಿಗೆ, ಕಾಲಿಗೆ ಹಚ್ಚಿಸಿ. ಸಿಜೇರಿಯನ್ ಅಲ್ವಾ, ಹೊಟ್ಟೆ ಮಾತ್ರ ಮುಟ್ಟಬಾರದು, ಡಾಕ್ಟರು ಹೇಳುವವರೆಗೆ. ಇನ್ನೂ ಒಂದು ಗಮನದಲ್ಲಿಡಿ. ಬಾಣಂತಿಗಾಗಲಿ, ಬಹಳ ದಿನ ಮಲಗಿದ್ದವರಿಗಾಗಲಿ ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಸೀದಾ ಆಸ್ಪತ್ರೆಗೆ ಹೋಗಬೇಕಾದ ನೋವು ಅದು.

ನಿಮ್ಮನೆಯವರ ಮಂಡಿ ನೋವಿಗೆ? ಖಂಡಿತ ಹಚ್ಚಿಸಬಹುದು. ಮಂಡಿ ಸವೆದವರಿಗೆ ವಾರಕ್ಕೊಂದು ಸಲ ಒಂದು ಗಂಟೆಯಂತೆ 8 ವಾರ ಮಸಾಜ್ ಮಾಡಿಸಿ ಅಮೆರಿಕದಲ್ಲಿ ನೋಡಿದ್ದಾರೆ. ನೋವು, ಬಿಗಿತ ಎರಡೂ ಇಳಿದವು. ಆದರೆ ನಿಲ್ಲಿಸಿ ಕೆಲವು ತಿಂಗಳಾದ ಮೇಲೆ, ಮಸಾಜ್ ಮಾಡಿಸಿಕೊಳ್ಳದವರಿಗೂ ಇವರಿಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಸವೆದದ್ದು ಮತ್ತೆ ಬೆಳೆಯೋದಿಲ್ಲ. ಹೊಸದಾಗಿ ಹಿಡಿದ ಸೊಂಟ ನೋವಿಗೂ ಮಾತ್ರೆಗಿಂತ ಮೊದಲು ಶಾಖ, ಮಸಾಜ್ ಇಂಥವನ್ನ ಮಾಡಿ ನೋಡಿ ಅಂತ 2017ರಲ್ಲಿ ಅಲ್ಲಿಯ ವೈದ್ಯರ ಸಂಘವೇ ಹೇಳಿದೆ. ಇನ್ನು ಮೈಯ ವಿಷವೆಲ್ಲ ಹೊರಗೆ ಹೋಗುತ್ತೆ ಅಂತ ಯಾರಾದರೂ ದೊಡ್ಡ ಪ್ಯಾಕೇಜು ಹೇಳಿದರೆ ಒಪ್ಪಬೇಡಿ. ಆ ಕೆಲಸಕ್ಕೆ ಪಿತ್ತಜನಕಾಂಗ, ಮೂತ್ರಪಿಂಡ ಇವೆ. ನೋವು ತಗ್ಗಿ ಒಂದು ರಾತ್ರಿ ನಿದ್ದೆ ಬಂದರೆ ಅದೇ ದೊಡ್ಡದಲ್ವಾ?

ಮೊದಲು ಇದೆಲ್ಲ ಮನೆಯಲ್ಲೇ ಇತ್ತಲ್ಲ ಅಕ್ಕ. ನೀರು ತುಂಬುವ ಹಬ್ಬದ ಸಂಜೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ಇಡೋದು. ಬೆಳಗಿನ ಜಾವ ಎಲ್ಲರನ್ನೂ ಸಾಲಾಗಿ ಕೂರಿಸಿ, ನೆಲಕ್ಕೆ ಏಳು ಬೊಟ್ಟು ಎಣ್ಣೆ ಇಟ್ಟು, ಏಳು ಚಿರಂಜೀವಿಗಳನ್ನ ನೆನೆದು ನೆತ್ತಿಗೆ ತಟ್ಟೋರು. ಮನೆ ಯಜಮಾನನಿಗೂ, ಕೆಲಸದ ಹುಡುಗನಿಗೂ ಎಣ್ಣೆ. ವರ್ಷಕ್ಕೆ ಒಂದು ದಿನವಾದರೂ ಆ ಮನೆಯಲ್ಲಿ ಇನ್ನೊಬ್ಬರ ಕೈ ತಲೆ ಮೇಲೆ ಬೀಳದೆ ಯಾರೂ ಉಳಿಯುತ್ತಿರಲಿಲ್ಲ. ಸೀಗೆಪುಡಿ, ಚಿಗರೆಪುಡಿ ಕಲಸೋದು ಕಷ್ಟ ಅಂದರೆ ಶಾಂಪೂ ಹಾಕಲಿ, ಗೀಸರ್ ನೀರಾದರೂ ಆಗಲಿ. ಆ ತಟ್ಟುವ ಕೈ ಹೋಯಿತಲ್ಲ, ಅದೇ ನನಗೆ ಸಂಕಟ.

ಅದರಲ್ಲೂ ವಯಸ್ಸಾದವರ ವಿಷಯ. ಮಗುವನ್ನ ದಿನಕ್ಕೆ ಹತ್ತು ಜನ ಎತ್ತಿಕೊಳ್ತಾರೆ. ಎಪ್ಪತ್ತೈದು ದಾಟಿದವರನ್ನ ಯಾರು ಮುಟ್ಟುತ್ತಾರೆ ಹೇಳಿ? ಗಂಡ ಹೋಗಿದ್ದಾನೆ, ಮಕ್ಕಳು ದೂರ, ಮೊಮ್ಮಕ್ಕಳು ಹಬ್ಬಕ್ಕೆ ಬಂದಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದರೆ ಅಷ್ಟೇ. ಬಿಪಿ ನೋಡುವ ನರ್ಸಿನ ಕೈ ಬಿಟ್ಟರೆ ಬೇರೆ ಕೈ ಇಲ್ಲ. ಊಟ, ಮಾತ್ರೆ, ಟಿವಿ ಎಲ್ಲ ಸಮಯಕ್ಕೆ ಸರಿಯಾಗಿ ಸಿಗುತ್ತೆ, ಇದೊಂದು ಸಿಗೋದಿಲ್ಲ. ಕೊಡಿ ಅಂತ ಅವರು ಬಾಯಿ ಬಿಟ್ಟು ಕೇಳೋದೂ ಇಲ್ಲ. ಬಾಣಂತನಕ್ಕೆ ಅಷ್ಟು ಖರ್ಚು ಮಾಡುವ ನಾವು ಮುದಿತನಕ್ಕೆ ಒಂದು ಬಟ್ಟಲು ಎಣ್ಣೆ ಇಡಬೇಕು ಅಕ್ಕ, ಇಟ್ಟೇ ಇಡಬೇಕು.

ನಾನು ನಮ್ಮತ್ತೆಗೆ ರಾತ್ರಿ ಊಟ ಆದಮೇಲೆ ಪಾದಕ್ಕೆ ಎಳ್ಳೆಣ್ಣೆ ಹಚ್ಚುತ್ತೇನೆ. 'ಸಾಕು ಬಿಡೇ, ಬೆಳಿಗ್ಗೆ ನಿನಗೆ ಕೆಲಸ ಇದೆ' ಅಂತಾರೆ, ಆದರೆ ಕಾಲು ಹಿಂದಕ್ಕೆ ತಗೊಳ್ಳೋದಿಲ್ಲ. ಎಡಗಾಲು ಮುಗಿಯೋ ಹೊತ್ತಿಗೆ ತವರಿನ ಕಥೆ ಶುರುವಾಗುತ್ತೆ. ಹಗಲೆಲ್ಲ ಒಂದು ಮಾತಿಗೆ ಒಂದೇ ಉತ್ತರ ಕೊಡೋರು, ಆಗ ತೋಟದ ಬಾವಿ, ತೀರಿಹೋದ ತಂಗಿ, ಮದುವೆಯ ಗಾಡಿ ಎಲ್ಲ ಹೇಳ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಬೇರೆ, ಪಾದದಲ್ಲಿ ಸ್ಪರ್ಶವೇ ಕಡಿಮೆ. ಒಂದು ದಿನ ಹಿಮ್ಮಡಿ ಬಿರುಕಿನಲ್ಲಿ ಸಣ್ಣ ಗಾಯ ಕೀವು ಕಟ್ಟಿದ್ದು ನನ್ನ ಬೆರಳಿಗೇ ಮೊದಲು ಸಿಕ್ಕಿತು. ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಮಾರನೇ ದಿನವೇ ತೋರಿಸಿದೆವು, ಬೇಗ ವಾಸಿಯಾಯಿತು. ಬಿಟ್ಟಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ.

ಪೂರ್ತಿ ಮೈಗೆ ಹಚ್ಚೋಕೆ ಪುರುಸೊತ್ತಿಲ್ಲ ಅಂತ ಚಿಂತೆ ಮಾಡಬೇಡಿ. ದಿನಾ ಎಣ್ಣೆ ಹಚ್ಚಿಕೊಳ್ಳಿ, ಅದರಲ್ಲೂ ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಅಂತ ವಾಗ್ಭಟ ಅಷ್ಟಾಂಗಹೃದಯದಲ್ಲೇ ಹೇಳಿದ್ದಾನೆ. ಅಜೀರ್ಣವಾದಾಗ ಬೇಡ ಅಂತಲೂ ಅಲ್ಲೇ ಇದೆ. ನಿಮ್ಮಮ್ಮ ಹೇಗೂ ಶುಕ್ರವಾರ ಬರ್ತಾರಲ್ಲ, ಪಾದದಿಂದಲೇ ಶುರು ಮಾಡಿ. ಎಣ್ಣೆಯನ್ನ ಬಟ್ಟಲಲ್ಲಿ ಹಾಕಿ ಬಟ್ಟಲನ್ನ ಬಿಸಿನೀರಲ್ಲಿ ಇಡಿ, ನೇರ ಒಲೆ ಮೇಲೆ ಬೇಡ. ಮೊದಲು ನಿಮ್ಮ ಮುಂಗೈಗೆ ಹಾಕಿ ನೋಡಿಕೊಳ್ಳಿ. ಅವರಿಗೂ ಸಕ್ಕರೆ ಇದ್ದರೆ ಬೆರಳ ಸಂದಿಗೆ ಎಣ್ಣೆ ಬಿಡಬೇಡಿ, ಅಲ್ಲಿ ಒಣಗಿರಬೇಕು. ವಯಸ್ಸಾದವರ ಚರ್ಮ ತೆಳ್ಳಗಿರುತ್ತೆ, ಒತ್ತೋದು ಬೇಡ, ಸವರಿದರೆ ಸಾಕು. ಮುಗಿದ ಮೇಲೆ ಹಳೇ ಟವೆಲಿನಲ್ಲಿ ಅಂಗಾಲು ಚೆನ್ನಾಗಿ ಒರೆಸಿ. ನಿಮ್ಮನೆ ಟೈಲ್ಸ್ ಜಾರುತ್ತೆ, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದುಗಿದ್ದಾರು.