ಹಲ್ಲು ಎಣಿಸುವ ಅಣ್ಣ

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಮಧುಗಿರಿಯ ಈ ಅಣ್ಣ ಎಮ್ಮೆಯೊಂದನ್ನು ಬಿಟ್ಟು ಮಿಕ್ಕ ಎಲ್ಲದರ ಹಲ್ಲನ್ನೂ ಎಣಿಸುತ್ತಾನೆ. ನಿಮ್ಮ ಸೈಕಲ್ಲು ಅವನ ಅಂಗಡಿ ಮುಂದೆ ನಿಂತರೆ ಸಾಕು, ಕುಶಲ ಕೇಳುವ ಮೊದಲೇ ಬಗ್ಗಿ, ಪೆಡಲು ತಿರುಗಿಸಿ, "ಮುಂದೆ ನಲವತ್ನಾಲ್ಕು, ಹಿಂದೆ ಹದಿನೆಂಟು" ಎಂದು ಗೊಣಗಿಕೊಂಡು ಮೇಲೇಳುತ್ತಾನೆ. ಆಮೇಲೆ ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ತೂಕ ಎಷ್ಟಣ್ಣ ನೀವು?" ಅನ್ನುತ್ತಾನೆ. ಬೇಜಾರು ಮಾಡಿಕೊಳ್ಳಬಾರದು. ಅವನ ಪಾಲಿಗೆ ಮನುಷ್ಯರಲ್ಲಿ ಇರುವುದು ಎರಡೇ ಜಾತಿ: 70 ಕೆಜಿಯ ಒಳಗಿನವರು, ಮೇಲಿನವರು.

ಅವನು ಸೈಕಲ್ಲಿಗೆ ಮೋಟಾರು ಕೂರಿಸುತ್ತಿದ್ದಾನೆ. ಎಷ್ಟು ವರ್ಷದಿಂದ ಎಂದು ಮರ್ಯಾದಸ್ಥರು ಕೇಳುವುದಿಲ್ಲ. ಟಿವಿಎಸ್ ಎಕ್ಸೆಲ್ ಮೇಲೆ ಎರಡು ಮೂಟೆ ಕಡಲೇಕಾಯಿ, ಒಂದು ಮೇಕೆ, ಒಬ್ಬ ಭಾವಮೈದ ಒಟ್ಟಿಗೆ ಸಂತೆಗೆ ಹೋಗುವುದು ಅವನ ಕಣ್ಣಿಗೂ ಬೀಳುತ್ತದೆ. 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50 ಈ ತಾಪತ್ರಯವನ್ನು ಎಂದೋ ಬಗೆಹರಿಸಿವೆಯಲ್ಲ ಎಂದು ಹೇಳಿ ನೋಡಿ. "ಅದು ಕೊಂಡಿದ್ದು, ಇದು ಮಾಡಿದ್ದು" ಎಂದು ಒಂದೇ ಮಾತಿಗೆ ನಿಮ್ಮ ಬಾಯಿ ಮುಚ್ಚಿಸುತ್ತಾನೆ.

ಲೆಕ್ಕವನ್ನು ಅವನು ಬೀಡಿ ಕಟ್ಟಿನ ಕಾಗದದ ಮೇಲೆ ಬರೆದಿಟ್ಟಿದ್ದಾನೆ, ಮತ್ತು ಒಪ್ಪಲೇಬೇಕು, ಲೆಕ್ಕ ತಪ್ಪಿಲ್ಲ. ಹೊಲಕ್ಕೆ ಔಷಧಿ ಹೊಡೆಯುವ ಮಿಷನ್ನಿನ ಎಂಜಿನ್ನು ನಿಮಿಷಕ್ಕೆ ಏಳು ಸಾವಿರ ಸುತ್ತಿನ ಹತ್ತಿರ ತಿರುಗುತ್ತದೆ. 28 ಇಂಚಿನ ಚಕ್ರ ಒಂದು ಸುತ್ತಿಗೆ 2.2 ಮೀಟರ್ ಉರುಳುತ್ತದೆ. ಗಂಟೆಗೆ 25 ಕಿಲೋಮೀಟರ್ ಹೋಗಲು ಅದಕ್ಕೆ ನಿಮಿಷಕ್ಕೆ 190 ಸುತ್ತು ಸಾಕು. ಅಂದರೆ ಎಂಜಿನ್ನು 37 ಸಲ ತಿರುಗಿದಾಗ ಚಕ್ರ ಒಂದು ಸಲ ತಿರುಗಬೇಕು. ಇದನ್ನು ಒಂದೇ ಚೈನಿನಲ್ಲಿ ಮಾಡಲು ಹೊರಟರೆ, ಎಂಜಿನ್ ಕಡೆ 9 ಹಲ್ಲಾದರೆ ಚಕ್ರದ ಕಡೆ 333 ಹಲ್ಲು ಬೇಕು. ಸೈಕಲ್ ಚೈನಿನ ಅಳತೆಗೆ ಅಂಥ ಹಲ್ಲುಚಕ್ರದ ಅಡ್ಡಗಲ ನಾಲ್ಕೂಕಾಲು ಅಡಿ ಮೀರುತ್ತದೆ. ಸೈಕಲ್ಲಿನ ಚಕ್ರವೇ ಎರಡೂವರೆ ಅಡಿ ಇಲ್ಲ. ಹಾಗಾಗಿ ನಡುವೆ ಒಂದು ಗೇರ್‌ಬಾಕ್ಸ್, ಅದರಾಚೆ ಚೈನು. ಇಷ್ಟಕ್ಕೆ ಜಗತ್ತಿನಲ್ಲಿ ಯಾರದೂ ತಕರಾರಿಲ್ಲ. ಜಗಳ ಶುರುವಾಗುವುದು 37 ಸಾಕೋ, 45 ಬೇಕೋ, 28ಕ್ಕೇ ನಿಲ್ಲಿಸಬೇಕೋ ಎಂಬಲ್ಲಿ. ಹೆಚ್ಚು ಇಳಿಸಿದರೆ ಗಾಡಿ ಎಂಥ ಏರನ್ನಾದರೂ ಹತ್ತುತ್ತದೆ, ಆದರೆ ಸಮತಟ್ಟಿನಲ್ಲಿ ಎಂಜಿನ್ನು ಊರೆಲ್ಲ ಕೇಳುವಂತೆ ಕಿರುಚುತ್ತಿರುವಾಗ ಮೇಕೆ ಕಾಯುವ ಹುಡುಗ ನಡೆದುಕೊಂಡೇ ಹಿಂದೆ ಹಾಕುತ್ತಾನೆ. ಕಮ್ಮಿ ಇಳಿಸಿದರೆ ಸಮತಟ್ಟಿನಲ್ಲಿ ಹಾರುತ್ತದೆ, ಏರಿನಲ್ಲಿ ಕ್ಲಚ್ಚು ಸುಟ್ಟ ವಾಸನೆ.

ಕಾನೂನೂ ಅವನಿಗೆ ಬಾಯಿಪಾಠ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಗಾಲಿಯ ಗಾಡಿಗೆ 25 ಸಿಸಿ ಮೀರದ ಎಂಜಿನ್ನು ಇದ್ದರೆ ಅದು ಮೋಟಾರು ವಾಹನವೇ ಅಲ್ಲ. ಅವನ ಔಷಧಿ ಮಿಷನ್ನಿನದು 26. ಈ ಮಾತು ಎತ್ತಿದರೆ, "ಒಳಗೆ ಕರಿ ಕಟ್ಕೊಂಡು ಒಂದು ಸಿಸಿ ಕಮ್ಮಿ ಆಗಿರ್ತದೆ ಬಿಡಣ್ಣ" ಅನ್ನುತ್ತಾನೆ.

ನಾನು ಕಂಡುಕೊಂಡದ್ದು ಬೇರೆ. ಹೀಗೆ ಸೈಕಲ್ಲಿಗೆ ಮೋಟಾರು ಕೂರಿಸುವ ಜನ ಗೇರು ಆರಿಸುವುದು ಲೆಕ್ಕದಿಂದಲ್ಲ, ಅಂಗಡಿ ಬಾಗಿಲಲ್ಲಿ ನಿಂತರೆ ಎದುರಿಗೆ ಏನು ಕಾಣುತ್ತದೋ ಅದರಿಂದ. ಮಧುಗಿರಿಯವನ ಎದುರು ಬೆಳಗಿಂದ ಸಂಜೆವರೆಗೆ ಆ ಏಕಶಿಲಾ ಬೆಟ್ಟ. ಸೈಕಲ್ಲು ತುಳಿದುಕೊಂಡು ಕೋಟೆ ಹತ್ತುವವರು ಯಾರೂ ಇಲ್ಲ, ಅಲ್ಲಿ ಮನುಷ್ಯರೇ ಕಂಬಿ ಹಿಡಿದು ತೆವಳುತ್ತಾರೆ. ಆದರೂ ತಲೆ ಎತ್ತಿದಾಗಲೆಲ್ಲ ಇವನ ಲೆಕ್ಕಕ್ಕೆ ಮೂರು ಹಲ್ಲು ಸೇರುತ್ತದೆ. ಇದೇ ತಳಿಯ ಶಿರಾದವನ ಎದುರು ಹೆದ್ದಾರಿ. ಪುಣೆ ಕಡೆಗೆ ಲಾರಿಗಳು ಸುಯ್ ಎಂದು ಹೋಗುವುದನ್ನು ನೋಡಿ ನೋಡಿ ಅವನಿಗೆ ಏರು ಎಂಬುದರಲ್ಲಿ ನಂಬಿಕೆಯೇ ಹೊರಟುಹೋಗಿದೆ. ಕೊರಟಗೆರೆಯವನು ರಾಜಿ ಪಂಚಾಯಿತಿ ಮನುಷ್ಯ: ಎರಡು ಹಲ್ಲುಚಕ್ರ ಹಾಕುವುದು, ಏರು ಬಂದಾಗ ಇಳಿದು ಚೈನನ್ನು ಕೈಯಲ್ಲೇ ಒಂದರಿಂದ ಇನ್ನೊಂದಕ್ಕೆ ಎತ್ತಿಡುವುದು. ಶುಕ್ರವಾರ ಗೊರವನಹಳ್ಳಿ ಲಕ್ಷ್ಮಿ ಗುಡಿಯ ದಾರಿಯಲ್ಲಿ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಹಣ್ಣುಕಾಯಿ ಚೀಲವನ್ನು ಬಾಯಲ್ಲಿ ಕಚ್ಚಿ ನಿಂತವನು ಕಂಡರೆ ಅವನೇ.

ಪಾವಗಡದವನ ಕಥೆ ಸ್ವಲ್ಪ ದೊಡ್ಡದು. ಮೊದಲು ಅವನದು ಹಲ್ಲೇ ಇಲ್ಲದ ಮತ. ಒಂದಿಂಚಿನ ಉರುಳೆಯನ್ನು ನೇರ ಟೈರಿಗೆ ಒತ್ತಿದರೆ, 28 ಇಂಚಿನ ಚಕ್ರಕ್ಕೆ 28ಕ್ಕೆ ಒಂದು ತಾನಾಗಿಯೇ ಸಿಕ್ಕಿತು. ಚೈನಿಲ್ಲ, ಗೇರ್‌ಬಾಕ್ಸಿಲ್ಲ. ಮಳೆ ಬಂದರೆ ಉರುಳೆ ಜಾರುತ್ತದೆಯಲ್ಲ ಎಂದರೆ, "ಮಳೆ ಬರಲಿ ಸಾಮಿ, ಗಾಡೀನೇ ಸುಟ್ಟಾಕ್ತೀನಿ" ಎಂದಿದ್ದ. ಆಮೇಲೆ ತಿರುಮಣಿ ಸುತ್ತ 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. ಬಾಗಿಲ ನೋಟ ಬದಲಾದ ಮೇಲೆ ಮತವೂ ಬದಲಾಗಲೇಬೇಕು. 2,050 ಮೆಗಾವ್ಯಾಟ್ ಅಂದರೆ 250 ವ್ಯಾಟಿನ 82 ಲಕ್ಷ ಸೈಕಲ್ ಮೋಟಾರು ಎಂದು ಅರ್ಧ ತೆಲುಗಿನಲ್ಲಿ ಭಾಗಿಸಿ, ಅದರಲ್ಲಿ ಒಂದನ್ನು ತಾನೂ ತರಿಸಿಕೊಂಡ. 24 ವೋಲ್ಟಿನದು, ಗೇರು ಒಳಗೇ ಕೂತು ಬಂದಿತ್ತು, ಹೊರಗೆ 9 ಹಲ್ಲು. ಹಿಂದಿನ ಚಕ್ರದ ಎಡಗಡೆ 18 ಹಲ್ಲಿನ ಫ್ರೀವೀಲ್ ಹಾಕಿ ಚೈನು ಬಿಗಿದ. ಸಂಜೆಗೆ ಓಡಿತು, ಗಂಟೆಗೆ 21 ಕಿಲೋಮೀಟರ್. 250 ವ್ಯಾಟ್, 25 ಕಿಲೋಮೀಟರ್ ಒಳಗಿನ ಕರೆಂಟ್ ಗಾಡಿಗೆ ಲೈಸೆನ್ಸೂ ಬೇಡ. ನಾಲ್ಕು ತಾಲ್ಲೂಕಿನಲ್ಲಿ ಇಂಥ ಅವಘಡ ಹಿಂದೆ ಆಗಿರಲಿಲ್ಲ. ಒಬ್ಬನ ಸೈಕಲ್ಲು ಮುಗಿದುಹೋಗಿತ್ತು.

ತೋರಿಸದೆ ಇರಲಾದೀತೇ? ಬ್ಯಾಟರಿ ಮಿಡಿಗೇಶಿವರೆಗೂ ಬಾರದು. ಬಸ್ಸಿನ ತಲೆ ಮೇಲೆ ಹೇರಿಸಿಕೊಂಡು ಮಧುಗಿರಿಗೆ ತಂದ. ನಮ್ಮಣ್ಣ ಸುತ್ತು ಹಾಕಿದ. ಬಗ್ಗಿದ. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಬೆಟ್ಟದ ಕಡೆ ಒಮ್ಮೆ ನೋಡಿ, ಸಾವಿನ ಮನೆಗೆ ಹೋದವರ ದನಿಯಲ್ಲಿ, "ಎಲ್ಲಾ ಸರಿ ಕಣಣ್ಣ. ಹಿಂದೆ ಇಪ್ಪತ್ತೆರಡು ಹಾಕಬೇಕಿತ್ತು" ಎಂದ.

ಹಾಗೆ ಹಾಕಿದರೆ 21 ಕಿಲೋಮೀಟರ್ ಹದಿನೇಳಕ್ಕೆ ಇಳಿಯುತ್ತದೆ, ಹೊಟ್ಟೆಕಿಚ್ಚಿಗೆ ಹೇಳಿದ್ದಾನೆ, ಕಿವಿಗೆ ಹಾಕಿಕೊಳ್ಳಬೇಡ ಎಂದು ನಾನು ಬಸ್‌ಸ್ಟ್ಯಾಂಡಿನವರೆಗೂ ಹೇಳಿಕೊಂಡು ಹೋದೆ. ಪಾವಗಡದವನು ತಲೆ ಆಡಿಸಿದ. ಊರು ತಲುಪಿದವನು ರಾತ್ರಿಯೇ ಚಕ್ರ ಬಿಚ್ಚಿದ್ದಾನೆ. 22ರ ಫ್ರೀವೀಲ್ ಏನೋ ಸಿಕ್ಕಿದೆ, ಆದರೆ ಈಗ ಚೈನಿಗೆ ಎರಡು ಕೊಂಡಿ ಸಾಲದು. ಅದನ್ನು ಹುಡುಕಿಕೊಂಡು ಶಿರಾಕ್ಕೆ ಹೋಗಿದ್ದಾನೆ. ಅಲ್ಲಿ ಹೆದ್ದಾರಿ ಕಡೆ ಕೈ ತೋರಿಸಿ, "ಕೊಂಡಿ ಯಾತಕ್ಕಣ್ಣ? ಮುಂದೆ ಹನ್ನೊಂದು ಹಾಕು" ಅಂದರಂತೆ.