ದೊಡ್ಡ ಬ್ಯಾಟರಿಗೆ ಹೆದರಬೇಡಿ ಮೇಷ್ಟ್ರೇ

ಲಕ್ಷ ರೂಪಾಯಿ ಬ್ಯಾಟರಿ, ಲಕ್ಷ ರೂಪಾಯಿ ಬ್ಯಾಟರಿ ಅಂತ ಎಷ್ಟು ಜನ ನಿಮ್ಮ ಕಿವಿ ಕಚ್ಚಿದ್ದಾರೋ ಮೇಷ್ಟ್ರೇ! ಬೆಳಿಗ್ಗೆ ಹಾಲಿನವನೂ ಅದನ್ನೇ ಹೇಳ್ತಿದ್ದ, ಕಾಂಪೌಂಡ್ ಈಚೆಗೇ ಕೇಳಿಸ್ತು. ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಮನೆ ಮುಂದೆ ನಿಂತರೆ ಸಾಕು, ಬೀದಿಯವರಿಗೆಲ್ಲ ಬ್ಯಾಟರಿ ಚಿಂತೆ. ನಾನೂ ಹೈಬ್ರಿಡ್ ಓಡಿಸೋನೇ ಆದ್ದರಿಂದ ಹೇಳ್ತೀನಿ, ಆ ದೊಡ್ಡ ಬ್ಯಾಟರಿ ನಿಮ್ಮನ್ನ ಕಾಡೋದು ಅಪರೂಪ. ಕಾಡೋದೆಲ್ಲ ಅದರ ಸುತ್ತ ಇರೋ ಸಣ್ಣಪುಟ್ಟ ವಿಷಯಗಳು. ಅವುಗಳ ಬಗ್ಗೆ ಯಾರೂ ಬಾಯಿ ಬಿಡಲ್ಲ.

ಮೊದಲು ನಿಮ್ಮ ಗಾಡಿ ಯಾವ ಹೈಬ್ರಿಡ್ ಅನ್ನೋದು ಗೊತ್ತಾಗಬೇಕಲ್ಲ. ಹಳೇ ಗಾಡಿ ಮಾರೋರು 2015ರಲ್ಲಿ ಬಂದ ಮಾರುತಿ ಸಿಯಾಜ್ ಎಸ್‌ಎಚ್‌ವಿಎಸ್‌ಗೂ ಹೈಬ್ರಿಡ್ ಅಂತಾರೆ, ಬಿಡದಿಯಲ್ಲಿ ತಯಾರಾಗೋ ಟೊಯೋಟಾ ಹೈರೈಡರ್‌ಗೂ ಹೈಬ್ರಿಡ್ ಅಂತಾರೆ. ಮೊದಲನೇದು ಮೈಲ್ಡ್ ಹೈಬ್ರಿಡ್, ಎಂಜಿನ್ನಿಗೆ ಒಂಚೂರು ಕೈ ಜೋಡಿಸಿ ಸುಮ್ಮನಾಗೋದು. ನಿಮ್ಮ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್, ಎಂಜಿನ್ ಆಫ್ ಆಗಿದ್ದಾಗಲೂ ಬರೀ ಮೋಟಾರಿನ ಮೇಲೆ ಓಡುತ್ತೆ. ಹೈರೈಡರ್ ಹೆಸರಿನಲ್ಲೇ ಎರಡೂ ಬಗೆ ಇರೋದರಿಂದ ನೋಡಿ ತಗೊಂಡದ್ದು ಒಳ್ಳೇದಾಯ್ತು. ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಅಂತಾರಲ್ಲ, ಅದು ಸ್ಟ್ರಾಂಗ್ ಹೈಬ್ರಿಡ್‌ಗೆ ಮಾತ್ರ. ಎರಡರಲ್ಲಿ ಯಾವುದು ಮೊದಲು ಬರುತ್ತೋ ಅಲ್ಲಿಗೆ ಮುಗೀತು. ಲೆಕ್ಕ ಶುರುವಾಗೋದು ನೀವು ಕೊಂಡ ದಿನದಿಂದ ಅಲ್ಲ, ಮೊದಲ ಮಾಲೀಕರ ಕೈಗೆ ಗಾಡಿ ಕೊಟ್ಟ ದಿನದಿಂದ. ನಿಮ್ಮದು 2022ರ ಕೊನೆಯ ಗಾಡಿ. ಹಾಗಾಗಿ ಅಷ್ಟು ಕಿಲೋಮೀಟರ್ ದಾಟದಿದ್ದರೆ ಬ್ಯಾಟರಿ ವಾರಂಟಿ 2030ರ ಕೊನೆವರೆಗೂ ಉಂಟು. ಮಿಕ್ಕ ಗಾಡಿಗೆ ಇದ್ದ 3 ವರ್ಷ, 1,00,000 ಕಿಲೋಮೀಟರಿನ ವಾರಂಟಿ ಮುಗಿದಿದೆ. ಮೊದಲಿನವರು ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡಿದ್ದರೆ ಅದು ನಿಮ್ಮ ಹೆಸರಿಗೆ ಬದಲಾಗಿದೆಯಾ ಅಂತ ಶೋರೂಮಿನಿಂದ ಬರಹದಲ್ಲಿ ತಗೊಳ್ಳಿ. ಬಾಯಿಮಾತಲ್ಲಿ "ಆಗಿದೆ ಸಾರ್" ಅಂದರೆ ನಂಬಬೇಡಿ. ಬ್ಯಾಟರಿಯ ಕರೆಂಟನ್ನ ಮೋಟಾರಿಗೆ ಬೇಕಾದ ಹಾಗೆ ಬದಲಾಯಿಸೋ ಇನ್ವರ್ಟರ್ ಯಾವ ವಾರಂಟಿಯಲ್ಲಿ ಬರುತ್ತೆ ಅನ್ನೋದನ್ನೂ ಪುಸ್ತಕ ತೆಗೆದು ಓದಿ. ಓದೋದು ನಿಮಗೇನು ಕಷ್ಟವಾ?

ಈ ಬ್ಯಾಟರಿ ಬಾಳೋದಕ್ಕೆ ಕಾರಣ ಇದೆ ಮೇಷ್ಟ್ರೇ. ಅದನ್ನ ಪೂರ್ತಿ ತುಂಬೋಕೂ ಪೂರ್ತಿ ಖಾಲಿ ಮಾಡೋಕೂ ಗಾಡಿಯ ಕಂಪ್ಯೂಟರ್ ಬಿಡೋದೇ ಇಲ್ಲ. ಮಧ್ಯದಲ್ಲೇ ಆಡಿಸ್ತಾ ಇರುತ್ತೆ. ಮೊಬೈಲನ್ನ ನಾವು ಸೊನ್ನೆಗೆ ಇಳಿಸಿ ನೂರಕ್ಕೆ ಏರಿಸಿ ಹಾಳು ಮಾಡ್ತೀವಲ್ಲ, ಇಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಜಪಾನಿನಲ್ಲಿ ಪ್ರಿಯಸ್ ಬಂದದ್ದು 1997ರ ಡಿಸೆಂಬರಿನಲ್ಲಿ. ಅಲ್ಲಿಂದ ಎಷ್ಟೋ ದೇಶಗಳಲ್ಲಿ ಅದು ಟ್ಯಾಕ್ಸಿಯಾಗಿ ಹಗಲೂ ರಾತ್ರಿ ಓಡಿದೆ. ಪರೀಕ್ಷೆ ಆಗದ ಹೊಸ ಸರಕೇನಲ್ಲ ಇದು.

ಆದರೆ ಬ್ಯಾಟರಿಗೆ ಸೆಖೆ ಆಗಲ್ಲ. ಕಾರಿನ ಒಳಗಿನ ತಂಪು ಗಾಳಿಯನ್ನೇ ಒಂದು ಫ್ಯಾನ್ ಎಳೆದು ಬ್ಯಾಟರಿ ಮೇಲೆ ಬಿಡುತ್ತೆ. ಆ ಗಾಳಿ ಒಳಗೆ ಹೋಗೋ ಜಾಲರಿ ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಹಿಂದಿನ ಸೀಟಿನ ಹತ್ತಿರ ಇರುತ್ತೆ. ನಿಮ್ಮದರಲ್ಲಿ ಎಲ್ಲಿದೆ ಅಂತ ಮಾಲೀಕರ ಪುಸ್ತಕದ ಚಿತ್ರ ನೋಡಿ ಇವತ್ತೇ ಹುಡುಕಿ. ನಮ್ಮ ಭಾವನ ಗಾಡಿಯಲ್ಲಿ ಆ ಜಾಲರಿ ಬಿಚ್ಚಿದಾಗ ನಾನೂ ಪಕ್ಕದಲ್ಲಿದ್ದೆ. ಹಿಂದೆ ಕಪ್ಪು ಬಲೆಯ ಫಿಲ್ಟರ್. ಬಲೆ ಅಂತ ಹೇಳೋ ಹಾಗೇ ಇರಲಿಲ್ಲ, ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗೆ ಧೂಳು, ಅದರೊಳಗೆ ನಾಯಿ ಕೂದಲು, ಬಿಸ್ಕತ್ತಿನ ಪುಡಿ, ಮಕ್ಕಳ ಚಾಕೊಲೇಟಿನ ಕಾಗದ. ಊರಿಗೆ ಹೋಗುವಾಗ ಬೆಡ್‌ಶೀಟು ದಿಂಬು ತಂದು ಆ ಜಾಲರಿಗೇ ಒತ್ತಿ ಇಡೋದು ಬೇರೆ! ಬೇಸಿಗೆಯಲ್ಲಿ ಫ್ಯಾನ್ ಬೊಬ್ಬೆ ಹಾಕ್ತಿದ್ದದ್ದು ಸುಮ್ಮನೆ ಅಲ್ಲ. ಹುಡುಗ ಅದನ್ನ ತೆಗೆದು ಏರ್ ಹೊಡೆದು ಮತ್ತೆ ಕೂರಿಸಿದ, ಅಷ್ಟೇ ಕೆಲಸ. ಪ್ರತಿ ಸರ್ವಿಸಿನಲ್ಲೂ ಇದನ್ನ ಬಾಯಿಬಿಟ್ಟು ಕೇಳಬೇಕು. ಕೇಳದಿದ್ದರೆ ಎಷ್ಟೋ ಕಡೆ ಆ ಜಾಲರಿ ಮುಟ್ಟೋದೇ ಇಲ್ಲ. ಬಿಸಿಲಿಗೆ ನಿಂತ ಗಾಡಿ ಹತ್ತಿದಾಗ ಎಸಿ ಹಾಕಿಕೊಳ್ಳಿ, ನಿಮಗೂ ಹಿತ, ಬ್ಯಾಟರಿಗೂ ಹಿತ.

ಈಗ ಸಣ್ಣ ಬ್ಯಾಟರಿ ಮಾತು. ಹೈಬ್ರಿಡ್‌ನಲ್ಲೂ ಮಾಮೂಲಿ 12 ವೋಲ್ಟ್ ಬ್ಯಾಟರಿ ಒಂದಿರುತ್ತೆ ಅಂತ ಬಹಳ ಜನರಿಗೆ ಗೊತ್ತೇ ಇಲ್ಲ. ಎಂಜಿನ್ ತಿರುಗಿಸೋದು ಅದರ ಕೆಲಸ ಅಲ್ಲ. ಗಾಡಿಯ ಕಂಪ್ಯೂಟರುಗಳನ್ನ ಎಬ್ಬಿಸಿ, ದೊಡ್ಡ ಬ್ಯಾಟರಿಯ ಸಂಪರ್ಕ ಕೂಡಿಸೋ ರಿಲೇಗಳನ್ನ ಎಳೆಯೋದು ಅದೇ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಪ್ರಯೋಜನ ಇಲ್ಲ. ಬಟನ್ ಒತ್ತಿದರೆ ಮೀಟರಿನಲ್ಲಿ ಅಲ್ಲೊಂದು ಇಲ್ಲೊಂದು ದೀಪ ಮಿಣುಕಿ, ರೆಡಿ ಅನ್ನೋದು ಬರೋದೇ ಇಲ್ಲ. ಆಗ ಎಲ್ಲರೂ ಬಾಯಿಗೆ ಕೈ ಇಟ್ಟುಕೊಂಡು "ಹೈಬ್ರಿಡ್ ಬ್ಯಾಟರಿ ಹೋಯ್ತು" ಅಂತಾರೆ. ಹೋಗಿರೋದು ಕೆಲವು ಸಾವಿರದ ಸಣ್ಣ ಬ್ಯಾಟರಿ! ನೀವು ಮಗಳ ಮನೆಗೆ ಅಂತ ಮಂಗಳೂರಿಗೆ ಹೋದರೆ ತಿಂಗಳುಗಟ್ಟಲೆ ಇರ್ತೀರಿ. ಗಾಡಿ ಇಲ್ಲೇ ನಿಂತಿದ್ದರೆ ಕೀ ನನ್ನ ಕೈಗೆ ಕೊಟ್ಟು ಹೋಗಿ. ವಾರಕ್ಕೊಮ್ಮೆ ರೆಡಿ ಮಾಡಿ ಒಂದು ಗಂಟೆ ಬಿಟ್ಟರೆ ಎರಡೂ ಬ್ಯಾಟರಿಗೆ ಚಾರ್ಜ್ ಸಿಗುತ್ತೆ. ರೆಡಿ ಬರದೆ ಬರೀ ಆನ್ ಮಾಡಿ ರೇಡಿಯೋ ಕೇಳಿದರೆ ಇರೋದೂ ಇಳಿಯುತ್ತೆ. ಇನ್ನೊಂದು, ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಮಾತ್ರ ಹಾಗೆ ಬಿಡಲೇಬಾರದು. ನಿಶ್ಶಬ್ದವಾಗಿದೆ ಅಂತ ನಾವು ಮರೆತಿರ್ತೀವಿ, ಚಾರ್ಜ್ ಇಳಿದ ಕೂಡಲೇ ಎಂಜಿನ್ ತಾನಾಗಿ ಶುರುವಾಗುತ್ತೆ, ಹೊಗೆ ಒಳಗೇ ತುಂಬುತ್ತೆ. ಪ್ರಾಣಕ್ಕೆ ಕುತ್ತು. ನಿಮ್ಮ ಮೊಮ್ಮಕ್ಕಳಿಗೂ ಇದನ್ನ ಹೇಳಿಡಿ. ಮತ್ತೆ ಯಾರದೋ ಲಾರಿ ನಿಂತಿದೆ, ನಿಮ್ಮ ಬ್ಯಾಟರಿಯಿಂದ ಕೇಬಲ್ ಕೊಡಿ ಅಂದರೆ ಕೈ ಮುಗಿದುಬಿಡಿ, ಅದಕ್ಕಾಗಿ ಮಾಡಿದ ಬ್ಯಾಟರಿ ಅಲ್ಲ ಅದು.

ಕಿತ್ತಳೆ ಬಣ್ಣದ ದಪ್ಪ ವೈರ್ ನೋಡಿದ್ದೀರಲ್ಲ ಬಾನೆಟ್ ಒಳಗೆ? ಅದು ದೊಡ್ಡ ಬ್ಯಾಟರಿಯ ಕಡೆಯದು, ಆ ಬ್ಯಾಟರಿ 177 ವೋಲ್ಟಿಗೂ ಮೇಲೆ, ಅದೂ ಡಿಸಿ. ಪಂಕ್ಚರ್ ಅಂಗಡಿ ಹುಡುಗನ ಕೈ ಅಲ್ಲಿಗೆ ಹೋಗದ ಹಾಗೆ ನೋಡಿಕೊಳ್ಳಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ಮನೆ, ರಸ್ತೆ ಎಲ್ಲ ಮುಳುಗಿತ್ತಲ್ಲ, ಹಾಗೆ ನೀರಲ್ಲಿ ನಿಂತ ಗಾಡಿಯ ಬಟನ್ ಒತ್ತಲೇಬಾರದು. ಟೋಯಿಂಗ್ ಕರೆಸಬೇಕು.

ಮಾಮೂಲಿ ಸರ್ವಿಸು ಬೇರೆ ಪೆಟ್ರೋಲ್ ಗಾಡಿಯದ್ದೇ. 10,000 ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ. ಆಯಿಲ್ ತೆಳುವಾದದ್ದು, ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಬೇಕು, ದಪ್ಪ ಹಾಕಿದರೆ ಒಳ್ಳೇದು ಅನ್ನೋ ಹಳೇ ಮಾತು ಇಲ್ಲಿ ನಡೆಯಲ್ಲ. ಕೂಲೆಂಟ್ ಡಬ್ಬಿ ಎರಡಿರುತ್ತೆ, ಎಂಜಿನ್ನಿಗೊಂದು, ಇನ್ವರ್ಟರಿಗೊಂದು. ಎರಡನ್ನೂ ನೋಡಿ ಅನ್ನಿ.

ಬ್ರೇಕಿನ ವಿಷಯಕ್ಕೆ ಬರೋಣ, ಇದು ಮಂಗಳೂರಿನ ದಾರಿಯವರಿಗೆ ಮುಖ್ಯ. ಹೈಬ್ರಿಡ್‌ನಲ್ಲಿ ಬ್ರೇಕ್ ತುಳಿದಾಗ ಬಹಳ ಮಟ್ಟಿಗೆ ಮೋಟಾರೇ ವೇಗ ತಡೆದು ಆ ಶಕ್ತಿಯನ್ನ ಬ್ಯಾಟರಿಗೆ ಸೇರಿಸುತ್ತೆ. ಪ್ಯಾಡ್ ಸವೆಯೋದೇ ನಿಧಾನ. ಅದಕ್ಕೇ ಬಹಳ ಜನ ಬ್ರೇಕ್ ಬಿಚ್ಚಿ ನೋಡೋದೇ ಇಲ್ಲ. ಆದರೆ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವಕ್ಕೆ ಸವೆಯದ ಡಿಸ್ಕೇ ತುಕ್ಕು ಹಿಡಿಯೋದು, ಕ್ಯಾಲಿಪರ್ ಪಿನ್ ಬಿಗಿದುಕೊಳ್ಳೋದು. ಪ್ಯಾಡ್ ಹೊಸದೇ ಇದ್ದರೂ ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ ಪಿನ್ನಿಗೆ ಗ್ರೀಸ್ ಹಾಕಿಸಬೇಕು. ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿ ತುಂಬಿಬಿಟ್ಟರೆ ಮೋಟಾರು ತಡೆಯೋದು ಕಡಿಮೆಯಾಗಿ ಆ ಪ್ಯಾಡೇ ಆಧಾರ ಅನ್ನೋದು ನೆನಪಿರಲಿ.

ಇಲಿ! ಅಯ್ಯೋ, ಅದನ್ನ ಹೇಳದೆ ಹೇಗೆ. ನಿಮ್ಮ ಹಿತ್ತಲಿನ ಸೌದೆ ರಾಶಿ ಪಕ್ಕದಲ್ಲೇ ಗಾಡಿ ನಿಲ್ಲಿಸ್ತೀರಿ. ಇಲಿ ಕಡಿದ ವೈರಿಂಗ್ ಯಾವ ವಾರಂಟಿಯಲ್ಲೂ ಬರಲ್ಲ. ಇನ್ಶೂರೆನ್ಸಿನವರನ್ನ ಕೇಳಿ, ಇಲಿ ಕಡಿತ, ನೀರು ನುಗ್ಗೋದು, ಹೈಬ್ರಿಡ್ ಬ್ಯಾಟರಿ, ಇವು ಪಾಲಿಸಿಯಲ್ಲಿ ಇವೆಯಾ ಅಂತ. ಸೌದೆ ಆಚೆ ಹಾಕಿಸಿ, ಗಾಡಿ ಮುಂದಕ್ಕೆ ತನ್ನಿ. ಹಾಗೇ ಯಾರೋ ಹೇಳಿದರು ಅಂತ ದೊಡ್ಡ ಹಾರ್ನು, ಹೆಚ್ಚಿನ ದೀಪ ಹಾಕಿಸೋಕೆ ವೈರ್ ಕತ್ತರಿಸಬೇಡಿ. ನಾಳೆ ಏನಾದರೂ ಕೆಟ್ಟರೆ ವಾರಂಟಿ ಕೊಡೋರು ಮೊದಲು ತೋರಿಸೋದು ಆ ಟೇಪ್ ಸುತ್ತಿದ ಜಾಗವನ್ನೇ.

ಈಗ ರಿಕಾಲ್. ಸೆಕೆಂಡ್ ಹ್ಯಾಂಡ್ ಕೊಂಡವರು ಇದನ್ನ ಗಮನ ಕೊಟ್ಟು ಕೇಳಬೇಕು. ಕಂಪನಿ ಗಾಡಿ ವಾಪಸ್ ಕರೆದಿದೆ ಅಂದ ಕೂಡಲೇ ನಮ್ಮ ಜನ ಅದೇನೋ ಕಳಂಕ ಅಂದುಕೊಂಡು ಮುಚ್ಚಿಡ್ತಾರೆ. ತಪ್ಪು ಅದು. 2014ರ ಫೆಬ್ರವರಿಯಲ್ಲಿ ಟೊಯೋಟಾ ಪ್ರಪಂಚದಾದ್ಯಂತ 19 ಲಕ್ಷ ಪ್ರಿಯಸ್ ವಾಪಸ್ ಕರೆಸಿತು. ಸಾಫ್ಟ್‌ವೇರಿನ ದೋಷದಿಂದ ಇನ್ವರ್ಟರಿನೊಳಗಿನ ಟ್ರಾನ್ಸಿಸ್ಟರು ವಿಪರೀತ ಬಿಸಿಯಾಗಿ ಗಾಡಿ ನಿಂತುಹೋಗಬಹುದಿತ್ತು. ಮಾಡಿದ್ದೇನು? ಸಾಫ್ಟ್‌ವೇರ್ ಬದಲಾಯಿಸಿ ಕಳಿಸಿದರು. 2018ರ ಅಕ್ಟೋಬರಿನಲ್ಲಿ ಮತ್ತೆ 24 ಲಕ್ಷ ಹೈಬ್ರಿಡ್. ದೋಷ ಗೊತ್ತಾದ ಮೇಲೂ ಸರಿಪಡಿಸದೆ ಓಡಿಸೋದೇ ಅಪಾಯ.

ನಿಮ್ಮ ಗಾಡಿಯ ವಯಸ್ಸಿನ ಹೈರೈಡರ್‌ಗಳ ಕಥೆ ಹೇಳ್ತೀನಿ. 2023ರ ಜನವರಿಯಲ್ಲಿ ಹಿಂದಿನ ಸೀಟ್ ಬೆಲ್ಟ್ ಕೂರೋ ಬ್ರಾಕೆಟ್ ಪರೀಕ್ಷೆಗೆ ಅಂತ 4,026 ಹೈರೈಡರ್ ಕರೆಸಿದರು. ಅದೇ ಬ್ರಾಕೆಟ್ಟಿಗಾಗಿ ಮಾರುತಿ 11,177 ಗ್ರಾಂಡ್ ವಿಟಾರಾ ಕರೆಸಿತು. ಎರಡೂ ಬಿಡದಿಯ ಒಂದೇ ಕಾರ್ಖಾನೆಯ ಅವಳಿ ಗಾಡಿಗಳು ನೋಡಿ, ಒಂದರ ಹೆಸರು ಪೇಪರಿನಲ್ಲಿ ಬಂದರೆ ಇನ್ನೊಂದನ್ನೂ ವಿಚಾರಿಸಬೇಕು. ಅದೇ ತಿಂಗಳು ಏರ್‌ಬ್ಯಾಗ್ ಕಂಟ್ರೋಲರಿಗೆ ಇನ್ನೊಂದು ರಿಕಾಲ್ ಆಯ್ತು. 2025ರ ನವೆಂಬರಿನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸೋ ಮೀಟರ್ ಸರಿಯಿಲ್ಲದೆ ಇರಬಹುದು ಅಂತ 39,506 ವಿಟಾರಾ, 11,529 ಹೈರೈಡರ್. ಅದರಲ್ಲಿ ನಿಮ್ಮದು ಬರಲ್ಲ, ಆಮೇಲೆ ತಯಾರಾದ ಗಾಡಿಗಳು ಅವು. ಗಮನಿಸಿದಿರಾ, ಇಲ್ಲಿ ಹೇಳಿದ ಯಾವುದೂ ಹೈಬ್ರಿಡ್ ಬ್ಯಾಟರಿಯದ್ದಲ್ಲ! ಬೆಲ್ಟು, ಏರ್‌ಬ್ಯಾಗು, ಮೀಟರು. ಹಿಂದಿನ ಸೀಟಿನಲ್ಲಿ ಕೂರೋದು ಯಾರು? ನಿಮ್ಮ ಮನೆಯವರು, ಮೊಮ್ಮಕ್ಕಳು. ಆ ಬ್ರಾಕೆಟ್ ಪರೀಕ್ಷೆ ಮಾಡಿಸದೆ ನನಗಂತೂ ನಿದ್ದೆ ಬರಲ್ಲ.

ಕಾಗದ ಬಂದಿಲ್ಲ ಅಂತೀರಾ? ಬರೋದು ಹೇಗೆ? ಕಂಪನಿಯ ದಾಖಲೆಯಲ್ಲಿರೋದು ಮೊದಲ ಮಾಲೀಕರ ಫೋನ್ ನಂಬರ್. ಅವರು ಮೆಸೇಜ್ ನೋಡಿ ಅಳಿಸಿರ್ತಾರೆ, ಗಾಡಿ ಮಾರಿದ ಮೇಲೆ ಅವರಿಗೇನು. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿ ನಂಬರ್ ಹಾಕಿದರೆ ನಿಮ್ಮ ಗಾಡಿಗೆ ರಿಕಾಲ್ ಇದೆಯಾ ಅಂತ ಬರುತ್ತೆ. ಆರ್‌ಸಿಯಲ್ಲಿದೆ, 17 ಅಕ್ಷರ. ನಿಮ್ಮದು ಎಂಬಿಜೆ ಅಂತ ಶುರುವಾಗುತ್ತೆ. ಕಾರ್ಡಿನಲ್ಲಿ ಚಿಕ್ಕದಾಗಿ ಅಚ್ಚಾಗಿರೋದರಿಂದ ಓ ಅಕ್ಷರವೋ ಸೊನ್ನೆಯೋ ಅಂತ ಅನುಮಾನ ಬಂದರೆ ಸೊನ್ನೆಯೇ ಹಾಕಿ, ಚಾಸಿ ನಂಬರಿನಲ್ಲಿ ಐ, ಓ, ಕ್ಯೂ ಮೂರೂ ಇರೋದಿಲ್ಲ. ರಿಕಾಲ್ ಇದ್ದರೆ ದುಡ್ಡು ಕೊಡೋ ಮಾತೇ ಇಲ್ಲ, ವಾರಂಟಿ ಮುಗಿದಿದ್ದರೂ ಸರಿ, ಎಷ್ಟನೇ ಮಾಲೀಕರಾದರೂ ಸರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು 110ಎ ಅಂತ ಕಲಮು ಸೇರಿಸಿದ್ದಾರೆ. ಅದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿ. ಏಳು ವರ್ಷದೊಳಗಿನ ಗಾಡಿಗಳಲ್ಲಿ ದೂರು ಜಾಸ್ತಿ ಬಂದರೆ ಸರ್ಕಾರವೇ ಕಂಪನಿಗೆ ವಾಪಸ್ ಕರೆಸಿ ಅನ್ನಬಹುದು. ಅಂದರೆ ನಾವು ಕೊಡೋ ಒಂದೊಂದು ದೂರಿಗೂ ಲೆಕ್ಕ ಇದೆ.

ಹಾಗಾಗಿ ಸರ್ವಿಸಿಗೆ ಹೋದಾಗ ಜಾಬ್ ಕಾರ್ಡ್ ಹೇಗೆ ಬರೀತಾರೆ ಅಂತ ನಿಂತು ನೋಡಿ. ನನ್ನ ಗಾಡಿಯಲ್ಲಿ ನಿಧಾನಕ್ಕೆ ನಿಲ್ಲಿಸುವಾಗ ಹಿಂದಿನ ಎಡಗಡೆ ಚಕ್ರದಿಂದ ಕರಕರ ಶಬ್ದ ಬರ್ತಿತ್ತು. ಅಡ್ವೈಸರ್ ಹುಡುಗ "ಜನರಲ್ ಚೆಕಪ್" ಅಂತ ಬರೆದ. ಹಾಗೆ ಬರೆದರೆ ಸಂಜೆ "ಚೆಕ್ ಮಾಡಿದೆ, ಸರಿ ಇದೆ" ಅಂತ ಬರುತ್ತೆ, ಅಲ್ಲಿಗೆ ಮುಗೀತು. ಅಳಿಸಿ, ನಾನು ಹೇಳಿದ ಮಾತನ್ನೇ ಬರೆಸಿದೆ: ಯಾವ ಚಕ್ರ, ಯಾವ ವೇಗ, ಎಷ್ಟು ಕಿಲೋಮೀಟರಿನಲ್ಲಿ ಶುರುವಾಯ್ತು. ಜೊತೆಯಲ್ಲಿ ಕೂರಿಸಿಕೊಂಡು ಓಡಿಸಿ ಶಬ್ದ ಕೇಳಿಸಿದೆ. ವಾರಂಟಿ ಇನ್ನೂ ಇತ್ತು. ಅದು ಮುಗಿದ ಮೇಲೆ ಅದೇ ಶಬ್ದ ಮತ್ತೆ ಬಂದಾಗ, ಮೊದಲೇ ದೂರು ಕೊಟ್ಟದ್ದಕ್ಕೆ ಆ ಕಾಗದವೇ ಸಾಕ್ಷಿಯಾಯ್ತು, ದುಡ್ಡು ಕೇಳಲಿಲ್ಲ. ಕೇಳಿದ್ದರೆ 1915ಕ್ಕೆ ಫೋನ್ ಮಾಡ್ತಿದ್ದೆ, ಗ್ರಾಹಕರ ಸಹಾಯವಾಣಿ ಅದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾವು ವಾಸವಿರೋ ಊರಲ್ಲೇ ಅರ್ಜಿ ಹಾಕಬಹುದು, ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ.

ನಾಳೆ ಶೋರೂಮಿಗೆ ಹೋಗ್ತೀನಿ ಅಂದಿರಲ್ಲ, ಮೊದಲು ಗಾಡಿಯ ದಾಖಲೆಯಲ್ಲಿ ನಿಮ್ಮ ಹೆಸರು, ನಿಮ್ಮ ಫೋನ್ ನಂಬರ್ ಹಾಕಿಸಿ. ಹಳೇ ಸರ್ವಿಸುಗಳ ಚರಿತ್ರೆ ಪ್ರಿಂಟ್ ಕೊಡಿ ಅನ್ನಿ, ರಿಕಾಲ್ ಕೆಲಸ ಯಾವುದು ಆಗಿದೆ, ಯಾವುದು ಬಾಕಿ ಅಂತ ಅದರಲ್ಲೇ ಬರುತ್ತೆ. ಬ್ಯಾಟರಿ ಫಿಲ್ಟರ್, ಸಣ್ಣ ಬ್ಯಾಟರಿ, ಬ್ರೇಕ್ ಪಿನ್, ಇಷ್ಟನ್ನ ಜಾಬ್ ಕಾರ್ಡಿಗೆ ಏರಿಸಿ. ನಾನೂ ಜೊತೆಗೆ ಬರ್ತೀನಿ ಬಿಡಿ, ಹತ್ತು ಗಂಟೆಗೆ ಹೊರಡೋಣ.